ಕಪ್ಪು ಹಲ್ಲಿನ ಚೆಲುವು

ಸುಂದರಿಯ ಹಲ್ಲು ಹೇಗಿರಬೇಕು? ನಮ್ಮ ಪ್ರಾಚೀನ ಕವಿಗಳನ್ನು ಕೇಳಿದರೆ ಮಲ್ಲಿಗೆಯ ಮೊಗ್ಗು, ಮುತ್ತಿನ ಸಾಲು, ದಾಳಿಂಬೆಯ ಬೀಜ ಎಂದು ಉಪಮಾನಗಳನ್ನು ಒಂದರ ಮೇಲೊಂದು ಸುರಿಯುತ್ತಾರೆ. ಹೇಯಾನ್ ಯುಗದ (794–1185) ಜಪಾನಿನ ರಾಜಧಾನಿಯಲ್ಲಿ ಇದೇ ಮಾತನ್ನಾಡಿದ್ದರೆ ಅಲ್ಲಿನ ರಸಿಕರು ಮುಖ ಸಿಂಡರಿಸುತ್ತಿದ್ದರು. ಅಲ್ಲಿಯ ಕುಲೀನ ಸ್ತ್ರೀ ತನ್ನ ಹುಬ್ಬುಗಳನ್ನು ಕಿತ್ತು, ಅವುಗಳ ಮೇಲುಗಡೆ ಹಣೆಯಲ್ಲಿ ಮಸಿಯಿಂದ ಬೇರೆ ಹುಬ್ಬು ಬರೆದುಕೊಳ್ಳುತ್ತಿದ್ದಳು. ಹಲ್ಲುಗಳಿಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದಳು.

ಇದನ್ನು ತಿಳಿದು ಓದಿದಾಗಲೇ ‘ಹುಳುಗಳನ್ನು ಪ್ರೀತಿಸಿದ ಹುಡುಗಿ’ ಎಂಬ ಕಥೆಯ ಸ್ವಾರಸ್ಯ ಹೊಳೆಯುವುದು. ‘ತ್ಸುತ್ಸುಮಿ ಚೂನಾಗೊನ್ ಮೊನೊಗತಾರಿ’ ಎಂಬ ಹಳೆಯ ಸಂಕಲನದಲ್ಲಿರುವ ಇದರ ಕರ್ತೃ ಅಜ್ಞಾತ. ಆರ್ಥರ್ ವೇಲಿ ಇದನ್ನು 1929ರಲ್ಲಿ ಇಂಗ್ಲಿಷಿಗೆ ತಂದರು. ದೊಡ್ಡ ಮನೆತನದ ಹುಡುಗಿಯೊಬ್ಬಳು ಹುಬ್ಬು ಕೀಳಲು ಒಲ್ಲಳು, ಹಲ್ಲಿಗೆ ಕಪ್ಪು ಹಚ್ಚಲು ಒಲ್ಲಳು. ಎಲ್ಲರೂ ಚಿಟ್ಟೆಯನ್ನು ಮೆಚ್ಚಿದರೆ ಇವಳು ಕಂಬಳಿಹುಳುವನ್ನು ಅಂಗೈಯಲ್ಲಿಟ್ಟು ನೋಡುತ್ತಾಳೆ. ಊರು ಏನೆಂದೀತು ಎಂದು ತಂದೆತಾಯಿ ಅಂಜಿದರೆ, ವಸ್ತುವಿನ ಮೂಲವನ್ನು ಅರಿಯುವುದೇ ಮುಖ್ಯವೆನ್ನುತ್ತಾಳೆ. ನೀವು ಉಡುವ ರೇಷ್ಮೆಯೂ ಹುಳುವಿನದೇ ಅಲ್ಲವೆ ಎಂದು ಕೇಳುತ್ತಾಳೆ. ಇತ್ತ ದಾಸಿಯರು ಅವಳ ಹುಬ್ಬನ್ನು ಕಂಬಳಿಹುಳುವಿಗೂ, ಬಿಳಿಯ ಹಲ್ಲನ್ನು ಚರ್ಮ ಸುಲಿದ ಹುಳುವಿಗೂ ಹೋಲಿಸಿ ನಗುತ್ತಾರೆ. ನಮ್ಮ ಕವಿ ಮಲ್ಲಿಗೆಯನ್ನು ಕಂಡಲ್ಲಿ ಅವರಿಗೆ ಹುಳು ಕಂಡಿತು!

ಚೆಲುವಿನ ಆದರ್ಶ ದೇಶಕಾಲಗಳಿಗೆ ತಕ್ಕಂತೆ ಬದಲಾಗುತ್ತದೆಂದು ತರಗತಿಯಲ್ಲಿ ನಾನೂ ಎಷ್ಟೋ ಬಾರಿ ಹೇಳಿದ್ದೇನೆ. ಹೇಳಿ, ಮುಂದಿನ ಪದ್ಯಕ್ಕೆ ಹೋಗಿದ್ದೇನೆ. ಈ ಕಥೆಯನ್ನು ಓದಿದ ಮೇಲೆ ಅದು ಅರೆಸತ್ಯವೆಂದು ನನಗೆ ತೋರುತ್ತಿದೆ. ಆದರ್ಶ ತಾನಾಗಿ ಬದಲಾಗುವುದಿಲ್ಲ, ಅದನ್ನು ಬದಲಾಯಿಸುವವರಿರುತ್ತಾರೆ. 1870ರಲ್ಲಿ ಮೇಜಿ ಸರ್ಕಾರ ಕುಲೀನರಿಗೆ ಹಲ್ಲು ಕಪ್ಪಾಗಿಸುವುದನ್ನು ನಿಷೇಧಿಸಿತು; 1873ರಲ್ಲಿ ಸಾಮ್ರಾಜ್ಞಿಯೇ ಬಿಳಿ ಹಲ್ಲಿನಿಂದ ಕಾಣಿಸಿಕೊಂಡರು. ಪಾಶ್ಚಾತ್ಯರ ಕಣ್ಣಿಗೆ ನಾಗರಿಕರಾಗಿ ತೋರಬೇಕೆಂಬ ಹಂಬಲ ಆ ಕಾಲದ್ದು. ಹಾಗಾದರೆ ನಮ್ಮ ಹುಡುಗಿ ಕಡೆಗೂ ಗೆದ್ದಳೆ? ಇಲ್ಲ. ಮೊದಲು ಕಪ್ಪಾಗಿಸೆಂದ ಲೋಕ ಈಗ ಬೆಳ್ಳಗಿಡೆಂದಿತು, ಅಷ್ಟೆ. ಹಲ್ಲು ಯಾರದೋ ಅವಳನ್ನು ಎರಡು ಸಲವೂ ಯಾರೂ ಕೇಳಲಿಲ್ಲ.

ಕಥೆಗಾರ ಪೂರ್ತಿಯಾಗಿ ಅವಳ ಪಕ್ಷವೆಂದು ಹೇಳಲಾರೆ. ಆಸ್ಥಾನದ ಯುವಕನೊಬ್ಬ ಹೆಣ್ಣುವೇಷದಲ್ಲಿ ಬಂದು, ಮರೆಯಲ್ಲಿ ನಿಂತು ಅವಳನ್ನು ನೋಡುತ್ತಾನೆ. ಸ್ವಲ್ಪ ಸಿಂಗರಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿದ್ದಳು ಎಂದು ಮರುಗುತ್ತಾನೆ. ಆ ಮರುಕದಲ್ಲಿ ಕಥೆಗಾರನ ದನಿಯೂ ಬೆರೆತಿದೆ. ಅವಳನ್ನು ಇಂದಿನ ವೀರನಾಯಕಿಯಾಗಿ ಮಾಡಹೊರಡುವವರು ಕಥೆಯ ನಗೆಯನ್ನು ಮರೆಯುತ್ತಾರೆ. ಆದರೆ ನಗುತ್ತಲೇ ಅವಳಿಗೆ ಮಾತು ಕೊಟ್ಟದ್ದು, ಆ ಮಾತನ್ನು ಯಾರಿಂದಲೂ ಖಂಡಿಸಲಾಗದಂತೆ ಉಳಿಸಿದ್ದು ಕಥೆಗಾರನ ದೊಡ್ಡತನ.

ಹೆಣ್ಣು ನೋಡುವ ಶಾಸ್ತ್ರ ನಮ್ಮಲ್ಲಿನ್ನೂ ಮುಗಿದಿಲ್ಲ. ವಧೂವರರ ಅಂಕಣಗಳಲ್ಲಿ ಬೆಳ್ಳಗಿನ ಹುಡುಗಿಯನ್ನು ಇನ್ನೂ ಹುಡುಕುತ್ತಾರೆ. ನಾಯಿಕೆಯ ವರ್ಣನೆ ಬಂದಾಗ ಉಪಮಾನದ ಸೊಗಸನ್ನು ಸವಿಯೋಣ, ತಪ್ಪಿಲ್ಲ. ಜೊತೆಗೆ, ಎಲ್ಲರೂ ಅವಳನ್ನು ನೋಡುತ್ತಿರುವಾಗ ಅವಳು ಏನನ್ನು ನೋಡುತ್ತಿದ್ದಾಳೆಂದೂ ಕೇಳೋಣ. ಈ ಹುಡುಗಿಯಂತೂ ತನ್ನ ಅಂಗೈಯ ಹುಳುವನ್ನು ನೋಡುತ್ತಿದ್ದಳು.