ಎಂ.ಸಿಎಚ್. ಬಾಗಿಲಲ್ಲಿ ನಿಂತುಹೋದ ಮೀಸಲಾತಿ

ಪ್ಲಾಸ್ಟಿಕ್ ಸರ್ಜರಿ ಎಂದರೆ ಉಳ್ಳವರ ಶೋಕಿ ಎಂಬ ಮಾತು ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ನಿಲ್ಲುವುದಿಲ್ಲ. ಸ್ಟವ್ ಸಿಡಿದು ಕುತ್ತಿಗೆ ಸುಟ್ಟುಕೊಂಡ ಹೆಂಗಸಿಗೆ ಗಾಯ ಮಾಗಿದರೂ ಕಷ್ಟ ತೀರದು. ಮಾಗಿದ ಚರ್ಮ ಬಿಗಿಯುತ್ತಾ ಹೋಗಿ ಗದ್ದವನ್ನು ಎದೆಯತ್ತ ಎಳೆಯುತ್ತದೆ, ತಲೆ ಎತ್ತಲಾಗುವುದಿಲ್ಲ. ಅದನ್ನು ಕೊಯ್ದು ಬಿಡಿಸಿ, ತೊಡೆಯ ಚರ್ಮ ಕಸಿ ಮಾಡಿ, ಮತ್ತೆ ಬಿಗಿಯದಂತೆ ತಿಂಗಳುಗಟ್ಟಲೆ ಪಟ್ಟಿ ಕಟ್ಟಬೇಕು. ಇದಕ್ಕಾಗಿ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಹಲವು ಸಲ ಅಲೆಯಬೇಕು. ದಿನಗೂಲಿ ಬಿಟ್ಟು ಎಷ್ಟು ಸಲ ಹೋಗಲಾದೀತು? ಇಲ್ಲಿ ಚಿನ್ನ ಅಗೆದವರು ಬಹುಪಾಲು ತಮಿಳು ದಲಿತರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಕಂಪನಿ ಆಸ್ಪತ್ರೆಯ ಆಸರೆಯೂ ಅವರ ಕೈತಪ್ಪಿತು.

ಇಂಥವರಿಗೆ ಚಿಕಿತ್ಸೆ ಕೊಡುವ ಪ್ಲಾಸ್ಟಿಕ್ ಸರ್ಜನ್ನರು ಯಾವ ಸಮುದಾಯಗಳಿಂದ ಬರುತ್ತಾರೆ? ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಜನಾಂಗದ ಲೆಕ್ಕದಲ್ಲಿ ಕೇಳುತ್ತಾರೆ. ಅಲ್ಲಿ ಕಪ್ಪು ಜನರಲ್ಲಿ ಪ್ಲಾಸ್ಟಿಕ್ ಸರ್ಜನ್ನರಾದವರು ಜನಸಂಖ್ಯೆಗೆ ಹೋಲಿಸಿದರೆ ತೀರಾ ಕಡಿಮೆ. ನಮ್ಮಲ್ಲಿ ಕೇಳಬೇಕಾದದ್ದು ಜಾತಿಯ ಲೆಕ್ಕ. ಎಂಬಿಬಿಎಸ್‌ಗೆ ಮೀಸಲಾತಿ ಇದೆ, ಎಂ.ಎಸ್.ಗೂ ಇದೆ. ಪ್ಲಾಸ್ಟಿಕ್ ಸರ್ಜನ್ ಆಗಲು ಬೇಕಾದ ಎಂ.ಸಿಎಚ್. ಎಂಬ ಸೂಪರ್ ಸ್ಪೆಷಾಲಿಟಿ ಪದವಿಗೆ ಇಲ್ಲ. ಸೂಪರ್ ಸ್ಪೆಷಾಲಿಟಿ ಹಂತದಲ್ಲಿ ಮೀಸಲಾತಿ ಸಲ್ಲದೆಂದು ಪ್ರೀತಿ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. ಏಣಿಯ ಕೊನೆಯ ಮೆಟ್ಟಿಲನ್ನೇ ಕಳಚಿದ ಈ ತೀರ್ಪು ನನ್ನ ಮಟ್ಟಿಗೆ ತಪ್ಪು.

ಕತ್ತಿ ಹಿಡಿವ ಕೈಗೆ ಜಾತಿ ಯಾಕೆ, ಪ್ರತಿಭೆ ಸಾಲದೇ ಎಂದು ಆಕ್ಷೇಪಿಸುವವರಿದ್ದಾರೆ. ಅವರು ಈ ವಿದ್ಯೆಯ ಚರಿತ್ರೆಯನ್ನೇ ನೋಡಲಿ. ಮೂರನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡ ಗಾಡಿ ಹೊಡೆಯುವ ಕವಾಸ್‌ಜಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕೂರಿಸಿದವನು ಪುಣೆ ಬಳಿಯ, ಇಟ್ಟಿಗೆ ಮಾಡುವ ಜಾತಿಯವನು. ಮೇಣದ ಹಾಳೆಯಲ್ಲಿ ಅಳತೆ ತೆಗೆದು, ರಕ್ತ ಹರಿಯಲೆಂದು ಹುಬ್ಬುಗಳ ನಡುವೆ ಚರ್ಮದ ಒಂದು ಎಳೆಯನ್ನು ಕಡಿಯದೆ ಉಳಿಸಿದ ಆ ಕೌಶಲ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅದನ್ನೇ ಅನುಸರಿಸಿದ. ಪ್ರತಿಭೆಯ ಹೆಸರಿನಲ್ಲಿ ಅಂಥ ಮನೆಗಳ ಮಕ್ಕಳಿಗೆ ಈಗ ಅಡ್ಡಿ ಮಾಡುವುದು ಅನ್ಯಾಯ. ದಲಿತ ಸರ್ಜನ್ ಬಂದ ಮಾತ್ರಕ್ಕೆ ಕೆಜಿಎಫ್‌ಗೆ ಬಂದು ನೆಲೆಸುತ್ತಾನೆಯೇ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಸಲಕರಣೆ, ಫಿಸಿಯೋಥೆರಪಿ, ಅರಿವಳಿಕೆ ತಜ್ಞರಿಲ್ಲದೆ ಯಾರೂ ನಿಲ್ಲರು. ಆದರೂ ದಾರಿಯೊಂದಿದೆ: ಪಕ್ಕದ ತಮಿಳುನಾಡು ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಸರ್ಕಾರಿ ಕಾಲೇಜುಗಳ ಸೂಪರ್ ಸ್ಪೆಷಾಲಿಟಿ ಸೀಟುಗಳಲ್ಲಿ ಅರ್ಧ ಕಾದಿರಿಸಿದೆ. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಲಿಲ್ಲ. ಮೀಸಲಾತಿಯಲ್ಲಿ ಸರ್ಕಾರಿ ನೌಕರಿ ಹಿಡಿದ ವೈದ್ಯರಿಗೂ ಆ ದಾರಿ ತೆರೆದಿದೆ. ನಮ್ಮ ಸರ್ಕಾರ ಕೋಲಾರದಂಥ ಜಿಲ್ಲೆಗಳ ಸೇವೆಯ ಕರಾರಿನೊಂದಿಗೆ ಅಂಥ ಅವಕಾಶವನ್ನು ಗಟ್ಟಿಗೊಳಿಸಲಿ, ಎಂ.ಸಿಎಚ್. ಸೀಟು ಯಾವ ಸಮುದಾಯಗಳಿಗೆ ಸಿಕ್ಕಿತೆಂಬ ಲೆಕ್ಕವನ್ನು ವರ್ಷವರ್ಷವೂ ಜನರ ಮುಂದಿಡಲಿ.