ಪ್ರೋಟಾನ್ ಕಾಂತಮಾಪಕವೂ ಬಾದಾಮಿ ಸೀಮೆಯ ಇತಿಹಾಸವೂ: ಒಂದು ವಿಮರ್ಶೆ

ಬಾದಾಮಿ ಚಲುಕ್ಯರ ಇತಿಹಾಸವನ್ನು ನಾವು ಬಹುಮಟ್ಟಿಗೆ ಕಲ್ಲಿನಿಂದಲೇ ಓದಿದ್ದೇವೆ. ಬಾದಾಮಿಯ ಬಂಡೆಯ ಮೇಲಿನ ಕ್ರಿ.ಶ. 543ರ ಶಾಸನವೂ ಐಹೊಳೆಯ ಮೇಗುತಿಯಲ್ಲಿರುವ 634ರ ರವಿಕೀರ್ತಿಯ ಪ್ರಶಸ್ತಿಯೂ ಅರಸರ ಹೆಸರನ್ನು ಹೇಳುತ್ತವೆ. ಉಳಿಯ ಕಬ್ಬಿಣ ಕಾಸಿದ ಕುಲುಮೆ ಎಲ್ಲಿತ್ತು, ಕುಂಬಾರನ ಆವಿಗೆ ಎಲ್ಲಿತ್ತು ಎಂಬುದನ್ನು ಹೇಳವು. ಈ ಕೊರತೆಯನ್ನು ಪ್ರೋಟಾನ್ ಕಾಂತಮಾಪಕವು ತುಂಬಬಲ್ಲುದೇ ಎಂಬುದು ಇಲ್ಲಿಯ ವಿಚಾರ.

ಉಪಕರಣದ ತತ್ತ್ವವು ಸರಳವಾದುದು. ನೀರಿನ ಸೀಸೆಗೆ ಸುತ್ತಿದ ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಹರಿಸಿದರೆ ಅದರ ಕಾಂತಕ್ಷೇತ್ರದಲ್ಲಿ ಶಕ್ತಿಯು ಸಂಗ್ರಹವಾಗುವುದು; ನೀರಿನೊಳಗಿನ ಪ್ರೋಟಾನುಗಳ ಕಾಂತಭ್ರಾಮಕಗಳಲ್ಲಿ ಅತ್ಯಲ್ಪ ಅಂಶವು ಆ ದಿಕ್ಕಿಗೆ ಒಲಿಯುವುದು. ವಿದ್ಯುತ್ತನ್ನು ತಟ್ಟನೆ ಕಡಿದಾಗ ಅವು ಭೂಕಾಂತಕ್ಷೇತ್ರದ ಸುತ್ತ ವಾಲಿದ ಬುಗುರಿಯಂತೆ ತಿರುಗತೊಡಗುವುವು. ಇದೇ ಪುರಸ್ಸರಣ. ಸುರುಳಿಯಲ್ಲಿ ಕೂಡಿಟ್ಟ ಶಕ್ತಿಯು ಮೊದಲು ಕರಗದಿದ್ದರೆ ಈ ಕ್ಷೀಣಸಂಕೇತವು ಅದರಲ್ಲಿ ಅಡಗಿಹೋಗುವುದು. ನಮ್ಮ ಸೀಮೆಯ ಭೂಕಾಂತಕ್ಷೇತ್ರವು ಸುಮಾರು 0.4 ಗಾಸ್, ಅದಕ್ಕೆ ಸೆಕೆಂಡಿಗೆ ಸುಮಾರು 1,700 ಸುತ್ತುಗಳು. ಕ್ಷೇತ್ರವು ಏರಿಳಿದಂತೆ ಈ ಸಂಖ್ಯೆಯೂ ಏರಿಳಿಯುವುದು. ಬೆಂದ ಮಣ್ಣು ಆರುವಾಗ ಅಂದಿನ ಭೂಕಾಂತದ ಮುದ್ರೆಯನ್ನು ಹಿಡಿದುಕೊಳ್ಳುವುದರಿಂದ ಹೂತ ಆವಿಗೆಯ ಬಳಿ ಎಣಿಕೆ ಬದಲಾಗುತ್ತದೆ. 1958ರಲ್ಲಿ ಆಕ್ಸ್‌ಫರ್ಡಿನ ಮಾರ್ಟಿನ್ ಏಟ್ಕಿನ್ ಇಂಗ್ಲೆಂಡಿನ ವಾಟರ್ ನ್ಯೂಟನ್ನಿನಲ್ಲಿ ರೋಮನ್ ಕಾಲದ ಆವಿಗೆಗಳನ್ನು ಹೀಗೆಯೇ ಗುರುತಿಸಿದರು.

ಆದರೆ ಅಲ್ಲಿಯ ಪದ್ಧತಿಯನ್ನು ಇಲ್ಲಿಗೆ ಹಾಗೆಯೇ ತರುವುದು ಯುಕ್ತವಲ್ಲ. ಮೊದಲನೆಯದಾಗಿ, ಇಂಗ್ಲೆಂಡಿನಲ್ಲಿ ಭೂಕಾಂತರೇಖೆಗಳು ಕಡಿದಾಗಿ ನೆಲಕ್ಕಿಳಿಯುತ್ತವೆ; ಇಲ್ಲಿ ಬಹುತೇಕ ಅಡ್ಡವಾಗಿ ಹಾಯುತ್ತವೆ. ಆದುದರಿಂದ ಇಲ್ಲಿ ಏರಿಕೆಯು ಆವಿಗೆಯ ದಕ್ಷಿಣಕ್ಕೆ ಸರಿದು, ಮೇಲೂ ಉತ್ತರಕ್ಕೂ ಇಳಿಕೆಯೇ ತೋರುವುದು. ಏರಿಕೆಯ ನಡುವೆ ಗುದ್ದಲಿಯಿಟ್ಟವನಿಗೆ ಬರಿಯ ಮಣ್ಣು ಸಿಕ್ಕೀತು. ಎರಡನೆಯದಾಗಿ, ಬಾದಾಮಿಯ ಮರಳುಗಲ್ಲು ಕಾಂತಗುಣದಲ್ಲಿ ದುರ್ಬಲ; ಅಲ್ಲಿ ಸಣ್ಣ ಆವಿಗೆಯೂ ಗೋಚರಿಸಬಹುದು. ಹುನಗುಂದದ ಕಡೆಯ ಕಬ್ಬಿಣದ ಪಟ್ಟೆಗಲ್ಲಾಗಲಿ, ಇಳಕಲ್ ಸೀಮೆಯ ಗ್ರಾನೈಟನ್ನು ಸೀಳಿ ಹಾಯುವ ಕರಿಗಲ್ಲಾಗಲಿ ಹಾಗಲ್ಲ; ಅವುಗಳ ಆರ್ಭಟದಲ್ಲಿ ಆವಿಗೆಯ ದನಿ ಕೇಳಿಸದು. ಅಲ್ಲಿ ಮೊದಲು ಭೂವಿಜ್ಞಾನಿಯ ನಕ್ಷೆಯನ್ನೂ ಹೊಲದಲ್ಲಿ ಬಿದ್ದ ಕಬ್ಬಿಣದ ಕಿಟ್ಟವನ್ನೂ ನೋಡತಕ್ಕುದು.

ಈ ಎಚ್ಚರವು ವಿಳಂಬಕ್ಕೆ ನೆವವಾಗಬಾರದು. ಹಳೆಯ ಬಾಗಲಕೋಟೆಯ ಒಂದು ಭಾಗವು ಆಲಮಟ್ಟಿಯ ಹಿನ್ನೀರಿಗೆ ಸಂದಿತು; ಮುಳುಗಿದ ನೆಲದಲ್ಲಿ ಇನ್ನು ಹೆಜ್ಜೆಯಿಟ್ಟು ಅಳೆಯುವಂತಿಲ್ಲ. ಉಳಿದ ಹೊಲಗಳನ್ನು ಕಾಲುವೆಯೋ ಕಲ್ಲುಗಣಿಯೋ ಮುಟ್ಟುವ ಮುನ್ನ ಅಳೆಯಬೇಕು. ಮೊದಲು ಬಾದಾಮಿಯ ಮರಳುಗಲ್ಲಿನ ನೆಲದಲ್ಲಿ, ಅನಂತರ ಹುನಗುಂದದಲ್ಲಿ. ಉಪಕರಣವು ಎಲ್ಲಿ ಅಗೆಯಬೇಕೆಂಬುದನ್ನು ಸೂಚಿಸೀತು. ಆ ಬೆಂಕಿಯನ್ನು ಹೊತ್ತಿಸಿದವರಾರು, ಯಾವ ಕಾಲದವರು ಎಂಬುದನ್ನು ಮಡಕೆಯ ಚೂರೂ ಇತಿಹಾಸಕಾರನ ವಿವೇಕವೂ ನಿರ್ಣಯಿಸಬೇಕು.