ಪ್ಲೇಟ್‌ಲೆಟ್ ಜಪ

ಮಳೆಗಾಲ ಹಿಡಿಯಿತೆಂದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಬೆಳಿಗ್ಗೆ 80 ಸಾವಿರ, ಸಂಜೆಗೆ 50 ಸಾವಿರ ಎಂದು ಮನೆಯವರ ವಾಟ್ಸ್‌ಆಪ್ ಗುಂಪಿನಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ಸುದ್ದಿ ಓಡುತ್ತದೆ. ಒಬ್ಬರು ಪಪ್ಪಾಯಿ ಎಲೆ ಅರೆದು ರಸ ಹಿಂಡಿದರೆ, ಇನ್ನೊಬ್ಬರು ಕಿವಿ ಹಣ್ಣು ಹುಡುಕುತ್ತಾರೆ, ಮತ್ತೊಬ್ಬರು ಬ್ಲಡ್ ಬ್ಯಾಂಕಿಗೆ ಓಡುತ್ತಾರೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಕಾಯಿಲೆಯ ಬಗೆಗಿನ ನಮ್ಮ ತಿಳಿವಳಿಕೆ ಮಾತ್ರ ಆ ಒಂದು ಅಂಕಿಯನ್ನು ಬಿಟ್ಟು ಕದಲಿಲ್ಲ.

ಪ್ಲೇಟ್‌ಲೆಟ್ ಇಳಿದರೆ ರಕ್ತಸ್ರಾವ, ರಕ್ತಸ್ರಾವವಾದರೆ ಸಾವು, ಆದ್ದರಿಂದ ಅದನ್ನು ಏರಿಸಿದರೆ ಗೆದ್ದ ಹಾಗೆ ಎಂಬುದು ಜನರ ತರ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಡೆಂಗಿಯಲ್ಲಿ ದೇಹ ಸೋಲುವುದು ಹೆಚ್ಚಾಗಿ ಬೇರೆ ಕಡೆ.

ನಮ್ಮ ಅತಿ ಸಣ್ಣ ರಕ್ತನಾಳಗಳ ಒಳಗೋಡೆಗೆ ಸಕ್ಕರೆ, ಪ್ರೋಟೀನುಗಳ ತೆಳು ಲೇಪವಿದೆ. ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಅಂಕೆ ಮೀರಿ ಹೊರಹೋಗದಂತೆ ಕಾಯುವುದರಲ್ಲಿ ಅದರ ಪಾಲು ದೊಡ್ಡದು. ಡೆಂಗಿ ವೈರಸ್ಸಿನ ಎನ್‌ಎಸ್1 ಎಂಬ ಪ್ರೋಟೀನ್ (ಲ್ಯಾಬಿನವರು ಮೊದಲ ದಿನಗಳಲ್ಲಿ ಹುಡುಕುವುದೂ ಇದನ್ನೇ) ಆ ಲೇಪವನ್ನು ಕೆಡಿಸುತ್ತದೆ. ವೈರಸ್ಸಿನ ಮೇಲೆ ಮುಗಿಬಿದ್ದ ನಮ್ಮದೇ ರೋಗನಿರೋಧಕ ಕಣಗಳು ಸುರಿಸುವ ರಾಸಾಯನಿಕಗಳೂ ಅದಕ್ಕೆ ಕೈಜೋಡಿಸುತ್ತವೆ. ಪ್ಲಾಸ್ಮಾ ಸೋರಿ ಎದೆಗೂಡಿನಲ್ಲಿ, ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ಹೊರಗೆ ಒಂದು ಹನಿ ರಕ್ತವೂ ಕಾಣುವುದಿಲ್ಲ, ನಾಳದೊಳಗೆ ಉಳಿದದ್ದು ಮಂದವಾಗುತ್ತಾ ಹೋಗುತ್ತದೆ. ರಿಪೋರ್ಟಿನಲ್ಲಿ ಈ ಮಂದತೆಯನ್ನು ತೋರಿಸುವ ಪಿಸಿವಿ ಎಂಬ ಸಾಲೊಂದಿರುತ್ತದಲ್ಲ, ಅಲ್ಲಿ 40 ಇದ್ದದ್ದು 48 ಆಯಿತೆಂದರೆ ಸೋರಿಕೆ ಜೋರಾಗಿದೆ ಎಂದೇ ತಿಳಿಯಬೇಕು. ಆ ಸಾಲನ್ನು ಯಾರೂ ವಾಟ್ಸ್‌ಆಪ್‌ಗೆ ಹಾಕುವುದಿಲ್ಲ.

ದೇಹವೂ ಕೈಕಟ್ಟಿ ಕೂರುವುದಿಲ್ಲ. ಮಿದುಳಿಗೆ, ಹೃದಯಕ್ಕೆ ರಕ್ತ ಉಳಿಸಲು ಕೈಕಾಲಿನ ನಾಳಗಳನ್ನು ಬಿಗಿಮಾಡುತ್ತದೆ. ಅಂಗೈ ತಣ್ಣಗಾಗುತ್ತದೆ, ನಾಡಿ ಓಡುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಬಿಪಿ 100/80 ಎಂದಾಗ ನಾವು ಮೇಲಿನ ಅಂಕಿ ನೋಡಿ ನಿರಾಳರಾಗುತ್ತೇವೆ. ಅನುಭವಿ ವೈದ್ಯರಿಗೆ ದಿಗಿಲಾಗುವುದು ಎರಡರ ನಡುವೆ ಬರೀ 20 ಉಳಿದದ್ದಕ್ಕೆ. ಆಗಲೂ ರೋಗಿ ಎದ್ದು ಕೂತು ಮಾತಾಡುತ್ತಿರಬಹುದು.

ಜ್ವರ ಬಿಟ್ಟರೆ ಕಾಯಿಲೆ ಬಿಟ್ಟಿತು ಎಂಬ ನಂಬಿಕೆ ಇದಕ್ಕಿಂತ ಕೆಟ್ಟದ್ದು. ಸೋರಿಕೆ ಹೆಚ್ಚುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೇ, 3ರಿಂದ 7ನೇ ದಿನದೊಳಗೆ. ಮೈ ತಣ್ಣಗಾಯಿತೆಂದು ಮನೆಯವರು ಸಾರನ್ನ ಕಲಸುವಾಗಲೇ ಹೊಟ್ಟೆನೋವು, ನಿಲ್ಲದ ವಾಂತಿ, ಚಡಪಡಿಕೆ ಶುರುವಾದರೆ ಅದು ಆಸ್ಪತ್ರೆಗೆ ಓಡಬೇಕಾದ ಗಳಿಗೆ.

ಪ್ಲೇಟ್‌ಲೆಟ್ ಹಾಕಿಸಿದರೆ ಕಳೆದುಕೊಳ್ಳುವುದೇನು ಎನ್ನುವವರಿದ್ದಾರೆ. ಸಿಂಗಪುರ, ಮಲೇಷ್ಯಾಗಳಲ್ಲಿ 372 ವಯಸ್ಕ ರೋಗಿಗಳ ಮೇಲೆ ನಡೆದು 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಎಲ್ಲರ ಪ್ಲೇಟ್‌ಲೆಟ್ಟೂ 20 ಸಾವಿರ ಅಥವಾ ಅದಕ್ಕಿಂತ ಕೆಳಗಿತ್ತು. ಮುಂಜಾಗ್ರತೆಯಾಗಿ ಹಾಕಿದವರಲ್ಲಿ ರಕ್ತಸ್ರಾವವೇನೂ ತಗ್ಗಲಿಲ್ಲ. ಅಲರ್ಜಿಯಂಥ ತೊಂದರೆಗಳು ಮಾತ್ರ ಅವರಲ್ಲೇ ಹೆಚ್ಚಾದವು. ರಕ್ತ ನಿಜಕ್ಕೂ ಹರಿಯುತ್ತಿರುವಾಗ ಹಾಕುವುದು ಬೇರೆ ಮಾತು.

ಪಪ್ಪಾಯಿ ಎಲೆಯಿಂದ ಅಂಕಿ ಬೇಗ ಏರಿತೆಂದು ಹೇಳುವ ಸಣ್ಣಪುಟ್ಟ ಪ್ರಯೋಗಗಳೂ ಇವೆ. ಸೋರಿಕೆ ನಿಂತಿತೆಂದಾಗಲಿ ಸಾವು ತಪ್ಪಿತೆಂದಾಗಲಿ ಅವು ತೋರಿಸಿಕೊಟ್ಟಿಲ್ಲ. ಚೇತರಿಸಿಕೊಳ್ಳುವವರಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿ ಎಲೆಗೆ ಹೆಸರು ಬಂತು. ಆ ಕಹಿ ಕುಡಿದು ಕಕ್ಕಿಕೊಂಡವರಿಗೆ ಮೈಯಲ್ಲಿದ್ದ ನೀರೂ ಹೋಯಿತು.

ಹಾಗೆಂದು ಪ್ಲೇಟ್‌ಲೆಟ್ ಎಣಿಸುವುದೇ ದಂಡ ಎನ್ನಲಾರೆ. ಅದು ಧಡಕ್ಕನೆ ಇಳಿದು, ಜೊತೆಗೇ ಪಿಸಿವಿ ಏರಿದರೆ ಸೋರಿಕೆಯ ಸುಳಿವು ಸಿಕ್ಕಂತೆ. ನನ್ನ ತಕರಾರಿರುವುದು ಸುಳಿವನ್ನೇ ಕಳ್ಳನೆಂದು ಹಿಡಿದುಕೊಳ್ಳುವುದರ ಬಗ್ಗೆ. ಚಿಕಿತ್ಸೆಯೆಂದರೆ ಮುಖ್ಯವಾಗಿ ನೀರಿನ ಲೆಕ್ಕ: ಎಷ್ಟು ಒಳಗೆ ಹೋಯಿತು, ಎಷ್ಟು ಮೂತ್ರವಾಯಿತು. 24ರಿಂದ 48 ಗಂಟೆಯಲ್ಲಿ ಸೋರಿಕೆ ತಾನೇ ನಿಲ್ಲುತ್ತದೆ, ಹೊರಹೋದ ಪ್ಲಾಸ್ಮಾ ಮತ್ತೆ ನಾಳಕ್ಕೆ ಮರಳುತ್ತದೆ. ಆಗ ಡ್ರಿಪ್ ತಗ್ಗಿಸಬೇಕು, ನಿಲ್ಲಿಸಲೂಬೇಕು. ಇಲ್ಲದಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಸರಿಯಾಗಿ ಆ ಹೊತ್ತಿಗೇ ನರ್ಸ್ ಮುಂದೆ ನಿಂತು, ‘ಪ್ಲೇಟ್‌ಲೆಟ್ ಇನ್ನೂ ಕಮ್ಮಿ ಇದೆಯಲ್ಲ ಸಿಸ್ಟರ್, ಇನ್ನೊಂದು ಬಾಟ್ಲಿ ಹಾಕಿ’ ಎಂದು ನಾವು ಜಗಳಕ್ಕೆ ಇಳಿದಿರುತ್ತೇವೆ.